ನೀಲಿ ಡಬ್ಬಿಯೊಳಗಿದ್ದ ಷರತ್ತು

ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ನಮ್ಮದೇ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅಲ್ಲ ವೀಕ್ಷಕರೇ, ನಮಗೆ ಸಿಗೋದು ಬಳಸುವ ಅನುಮತಿ ಮಾತ್ರ. ಆ ಅನುಮತಿಯೇ ಲೈಸೆನ್ಸ್. ಓದದೆ ‘ಐ ಅಗ್ರೀ’ ಒತ್ತುತ್ತೀವಲ್ಲ, ಅದೇ. ಇಂಜಿನಿಯರಿಂಗ್‌ನಲ್ಲಿ ನನಗೆ ಕೋಡ್ ಬರೆಯೋದನ್ನ ಕಲಿಸಿದರು; ಬರೆದ ಕೋಡ್ ಮೇಲೆ ಯಾರಿಗೆ ಯಾವ ಹಕ್ಕು ಅನ್ನೋದನ್ನ ಕಲಿಸಲಿಲ್ಲ. ಈ ಹಕ್ಕಿನ ಜಗಳಕ್ಕೆ ದೊಡ್ಡ ಇತಿಹಾಸವೇ ಇದೆ.

1976ರಲ್ಲಿ 20 ವರ್ಷದ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ನಮ್ಮ ಬೇಸಿಕ್ ಸಾಫ್ಟ್‌ವೇರನ್ನು ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದೀರಿ, ಇದು ಕಳ್ಳತನ ಅನ್ನೋದು ಅದರ ಸಾರ. ಇದು ಒಡೆತನದ ಲೈಸೆನ್ಸ್‌ನ ದಾರಿ. ಬಾಡಿಗೆ ಮನೆಯ ಹಾಗೆ: ವಾಸ ಮಾಡಬಹುದು, ಆದರೆ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ.

1983ರಲ್ಲಿ ಎಂಐಟಿಯ ರಿಚರ್ಡ್ ಸ್ಟಾಲ್‌ಮನ್ ಇದಕ್ಕೆ ಎದುರಾಗಿ ಗ್ನೂ ಯೋಜನೆ ಘೋಷಿಸಿದರು. 1989ರಲ್ಲಿ ಅವರ ಜಿಪಿಎಲ್ ಲೈಸೆನ್ಸ್ ಬಂತು. ಕೋಡ್ ತಗೊಳ್ಳಿ, ಬದಲಾಯಿಸಿ, ಮಾರಿ. ಆದರೆ ಬೇರೆಯವರಿಗೆ ಕೊಟ್ಟರೆ ಮೂಲ ಕೋಡ್ ಸಮೇತ, ಇದೇ ಷರತ್ತಿನಲ್ಲೇ ಕೊಡಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಲೈಸೆನ್ಸ್ ಇನ್ನೂ ಸಡಿಲ. ನಮ್ಮ ಹೆಸರು ಉಳಿಸಿ, ಏನು ಬೇಕಾದರೂ ಮಾಡಿಕೊಳ್ಳಿ ಅನ್ನುತ್ತೆ. ಆಪಲ್‌ನ ಮ್ಯಾಕ್ ಒಳಗೂ ಬಿಎಸ್‌ಡಿ ಕೋಡ್ ಇದೆ. ತಿದ್ದಿದ್ದನ್ನು ಹಂಚಿ ಅಂತ ಆ ಲೈಸೆನ್ಸ್ ಕೇಳೋದಿಲ್ಲ.

ಎರಡಕ್ಕೂ ಏನು ವ್ಯತ್ಯಾಸ ಅಂತೀರಾ? 2003ರ ಕಥೆ ಕೇಳಿ. ಲಿಂಕ್‌ಸಿಸ್ ಕಂಪನಿಯ ನೀಲಿ-ಕಪ್ಪು ಬಣ್ಣದ ವೈಫೈ ರೂಟರ್, ಡಬ್ಲ್ಯುಆರ್‌ಟಿ54ಜಿ, ಆಗ ಅಮೆರಿಕದಲ್ಲಿ ಮಾರಾಟದಲ್ಲಿತ್ತು. ಅದೇ ವರ್ಷ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ಆ ಡಬ್ಬಿಯೊಳಗೆ ಲಿನಕ್ಸ್ ಓಡುತ್ತಿದೆ ಅಂತ ಕೆಲವು ಪ್ರೋಗ್ರಾಮರ್‌ಗಳು ಪತ್ತೆಹಚ್ಚಿದರು. ಲಿನಕ್ಸ್ 1992ರಿಂದ ಜಿಪಿಎಲ್ ಅಡಿಯಲ್ಲಿದೆ. ಹಾಗಾದರೆ ಮೂಲ ಕೋಡ್ ಎಲ್ಲಿ?

ಅದೇ ಬಿಎಸ್‌ಡಿ ಕೋಡ್ ಆಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಜಿಪಿಎಲ್ ಆಗಿದ್ದರಿಂದ ಒತ್ತಡ ಬಂತು, ಕೋಡ್ ಹೊರಗೆ ಬಂತು. ಅದರ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಇವತ್ತು ಅದು ಎಷ್ಟೋ ಕಂಪನಿಗಳ ರೂಟರ್‌ಗಳಲ್ಲಿ ಓಡುತ್ತೆ. ಕಂಪನಿ ಕೈಬಿಟ್ಟ ಹಳೆಯ ಡಬ್ಬಿಗೂ ಜೀವ ಕೊಡುತ್ತೆ. ತಕರಾರು ಮಾತ್ರ ಅಲ್ಲಿಗೇ ಮುಗಿಯಲಿಲ್ಲ. ಲಿಂಕ್‌ಸಿಸ್‌ನ ಬೇರೆ ಬೇರೆ ಉಪಕರಣಗಳ ವಿಚಾರವಾಗಿ 2008ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೊ ಮೇಲೆ ದಾವೆ ಹೂಡಿತು. 2009ರಲ್ಲಿ ರಾಜಿಯಾಯಿತು.

ನೋಡಿ, ಲಿನಕ್ಸ್‌ಗೆ ಯಾರೂ ಬೆಲೆ ಕೇಳಿರಲಿಲ್ಲ, ಷರತ್ತು ಹಾಕಿದ್ದರು ಅಷ್ಟೇ. ಆ ಷರತ್ತಿನಿಂದಲೇ ಸಾಮಾನ್ಯ ಗ್ರಾಹಕನಿಗೆ ತನ್ನ ಮನೆಯ ರೂಟರನ್ನು ತಾನೇ ತಿದ್ದುವ ಹಕ್ಕು ಸಿಕ್ಕಿತು. ನಿಮ್ಮ ಆಂಡ್ರಾಯ್ಡ್ ಫೋನ್‌ನ ಬುಡದಲ್ಲೂ ಅದೇ ಲಿನಕ್ಸ್ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ, ಫೋನ್ ಮಾಹಿತಿಯಲ್ಲಿ ‘ಲೀಗಲ್’ ಅನ್ನೋ ಕಡೆ ಹುಡುಕಿ. ಲೈಸೆನ್ಸ್‌ಗಳ ಉದ್ದನೆಯ ಪಟ್ಟಿ ಸಿಗುತ್ತೆ. ಪೂರ್ತಿ ಓದಬೇಕಿಲ್ಲ, ಅದರಲ್ಲಿ ಜಿಪಿಎಲ್ ಹೆಸರು ಎಷ್ಟು ಸಲ ಬರುತ್ತೆ ಅಂತ ನೋಡಿ.