ಇಂಜಿನ್ನಿನ ಹಳೇ ಬಣ್ಣ ಕೆರೆಯೋ ಮುಂಚೆ

ರಾಗಿ ಒಕ್ಕಣೆ ಮುಗಿದು ಕೈ ಸ್ವಲ್ಪ ಬಿಡುವಾಯ್ತು. ಹಳೇ ಬಾವಿ ಪಕ್ಕದ ಶೆಡ್ಡಲ್ಲಿ ಇಪ್ಪತ್ತು ವರ್ಷದಿಂದ ಸುಮ್ನೆ ಕೂತಿದ್ದ ನಮ್ಮಪ್ಪನ ಡೀಸೆಲ್ ಇಂಜಿನ್ನನ್ನ ಈ ಸಲ ಓಡೋ ಹಾಗೆ ಮಾಡಿದೆ. ಇವತ್ತು ಅದರ ಬಣ್ಣದ ವಿಷಯ. ಒಂದು ಡಬ್ಬ ತಂದು ಬಳಿಯೋದು ತಾನೇ, ಅದರಲ್ಲಿ ಬರೆಯೋಕೆ ಏನಿದೆ ಅಂತ ನಾನೂ ಅಂದ್ಕೊಂಡಿದ್ದೆ. ಕೈ ಹಾಕಿದ ಮೇಲೆ ಗೊತ್ತಾಯ್ತು, ಅದರಲ್ಲೂ ನೂರಾರು ವರ್ಷದ ಕಥೆ ಇದೆ, ಸ್ವಲ್ಪ ವಿಷಾನೂ ಇದೆ.

ನಮ್ಮದು ಲಿಸ್ಟರ್ ಮಾದರಿ ಇಂಜಿನ್ನು. ಎರಡು ಕಡೆ ದೊಡ್ಡ ಫ್ಲೈವೀಲು, ನಿಧಾನಕ್ಕೆ ಡುಬ್ ಡುಬ್ ಅಂತ ಓಡೋದು. ಕಪಿಲೆ ಬಿಟ್ಟ ಮೇಲೆ ಕರೆಂಟು ಬರೋವರೆಗೆ ನಮ್ಮ ಕಡೆ ಬಾವಿಗಳನ್ನ ಸಾಕಿದ್ದು ಇಂಥವೇ. ಮೂಲ ಲಿಸ್ಟರ್ ಇಂಗ್ಲೆಂಡಿನ ಡರ್ಸ್ಲಿ ಅನ್ನೋ ಊರಿನದು. ಅಲ್ಲಿ ಆ ಕಂಪನಿ 1867ರಲ್ಲಿ ಶುರುವಾಗಿ ಬೇಸಾಯದ ಯಂತ್ರಗಳನ್ನ ಮಾಡ್ತಿತ್ತು. 1929ರಲ್ಲಿ ಸಿ.ಎಸ್. ಅನ್ನೋ ಡೀಸೆಲ್ ಇಂಜಿನ್ ತಂದರು. ಸಿ.ಎಸ್. ಅಂದ್ರೆ ಕೋಲ್ಡ್ ಸ್ಟಾರ್ಟ್. ಅದಕ್ಕೂ ಮುಂಚಿನ ಎಷ್ಟೋ ಎಣ್ಣೆ ಇಂಜಿನ್‌ಗಳ ತಲೆಯನ್ನ ಬ್ಲೋಲ್ಯಾಂಪ್ ಹಿಡಿದು ಕಾಯಿಸಿದ ಮೇಲೇ ಚಾಲೂ ಮಾಡಬೇಕಿತ್ತು. ಇದಕ್ಕೆ ಹ್ಯಾಂಡಲ್ ತಿರುಗಿಸಿದರೆ ಸಾಕು. ಇದರ 5 ಎಚ್.ಪಿ. ಮಾದರಿ ಓಡೋದು ನಿಮಿಷಕ್ಕೆ 600 ಸುತ್ತು. ಇಂಗ್ಲೆಂಡಲ್ಲಿ ಇದನ್ನ 1987ರವರೆಗೂ ಮಾಡಿದರು. ನಮ್ಮ ದೇಶದಲ್ಲಿ ರಾಜಕೋಟ್ ಕಡೆ ಸಣ್ಣ ಕಾರ್ಖಾನೆಗಳವರು ಅದನ್ನೇ ನೋಡಿ ಎರಕ ಹೊಯ್ದು ಮಾರಿದರು. ನಮ್ಮದೂ ಆ ಜಾತೀದೇ. ಹೆಸರಿನ ಹಿತ್ತಾಳೆ ಪಟ್ಟಿ ಯಾವತ್ತೋ ಕಳೆದುಹೋಗಿದೆ.

ಹಾಗಾದ್ರೆ ಮೂಲ ಬಣ್ಣ ಯಾವುದು? ಮೇಲುಗಡೆ ಇದ್ದದ್ದು ಸಿಲ್ವರ್ ಪೇಂಟು, ಅದರ ಕೆಳಗೆ ನೀಲಿ. ಆಯುಧಪೂಜೆಗೆ ಮನೇಲಿ ಯಾವ ಡಬ್ಬ ಉಳಿದಿರುತ್ತೋ ಅದನ್ನೇ ಬಳಿಯೋದು ನಮ್ಮ ಪದ್ಧತಿ. ಮೂಲ ಬಣ್ಣ ಬಿಸಿಲು, ಡೀಸೆಲ್ ತಾಗದ ಕಡೆ ಹುಡುಕಬೇಕು. ಟ್ಯಾಂಕು ಕೂರಿಸಿದ ಬ್ರಾಕೆಟ್ ಬಿಚ್ಚಿದೆ. ವಾಷರ್ ಒತ್ತಿದ್ದ ಜಾಗದಲ್ಲಿ ಎಂಟಾಣೆ ಅಗಲದಷ್ಟು ಕಡುಹಸಿರು ಸಿಕ್ತು. ಹಳೇ ಲಿಸ್ಟರ್ ಸರಿಮಾಡೋರು ಬಳಿಯೋ ಬ್ರನ್ಸ್‌ವಿಕ್ ಹಸಿರೇ ಅದು. ನಮ್ಮವರು ಇಂಜಿನ್ನಿನ ಜೊತೆ ಅದರ ಬಣ್ಣಾನೂ ನಕಲು ಮಾಡಿದ್ದಾರೆ!

ಬ್ರನ್ಸ್‌ವಿಕ್ ಅನ್ನೋದು ಜರ್ಮನಿಯ ಒಂದು ಊರು. ಈ ಹಸಿರನ್ನ ಎರಡು ಬಣ್ಣ ಬೆರೆಸಿ ಮಾಡ್ತಿದ್ದರು, ಪ್ರಷ್ಯನ್ ನೀಲಿ ಮತ್ತು ಕ್ರೋಮ್ ಹಳದಿ. ನೀಲಿ ಹೆಚ್ಚಾದರೆ ಕಡು, ಕಮ್ಮಿಯಾದರೆ ತಿಳಿ. ಆ ನೀಲಿ ಹುಟ್ಟಿದ್ದು ಬರ್ಲಿನ್‌ನಲ್ಲಿ, 1706ರ ಆಸುಪಾಸಲ್ಲಿ, ಅದೂ ತಪ್ಪಿನಿಂದ. ಬಣ್ಣ ಮಾಡೋನೊಬ್ಬ ಕೆಂಪು ಮಾಡೋಕೆ ಹೋಗಿದ್ದ, ಹಾಕಿದ ಕ್ಷಾರ ಕಲಬೆರಕೆ ಆಗಿ ನೀಲಿ ಬಂತು. ಆ ನೀಲೀಲಿ ಇರೋದು ಕಬ್ಬಿಣದ ಅಂಶವೇ. ಹಳದಿ ಬಂದದ್ದು ಆಮೇಲೆ. 1797ರಲ್ಲಿ ಫ್ರಾನ್ಸಿನ ವೋಕ್ಲಾ ಅನ್ನೋ ವಿಜ್ಞಾನಿ ಸೈಬೀರಿಯಾದ ಒಂದು ಅದಿರಲ್ಲಿ ಕ್ರೋಮಿಯಂ ಕಂಡುಹಿಡಿದ. ಕ್ರೋಮಿಯಂ ಜೊತೆ ಸೀಸ ಸೇರಿದರೆ ಕ್ರೋಮ್ ಹಳದಿ. ಸೀಸ ಅನ್ನೋ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಬಣ್ಣ ಹೊಂದಿಸೋಕೆ ಕೂತಾಗ ನನಗೂ ಮಗನಿಗೂ ವಾದ. ನನಗೆ ಹಸಿರು ಕಂಡದ್ದು ಅವನಿಗೆ ಕಪ್ಪು. ಆಗ ಕಿರ್ಲೋಸ್ಕರ್ ಲಕ್ಷ್ಮಣರಾಯರ ಕಥೆ ಹೇಳಿದೆ. ಅವರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಚಿತ್ರ ಬರೆಯೋದು ಕಲಿಯೋಕೆ ಮುಂಬೈನ ಜೆ.ಜೆ. ಕಲಾಶಾಲೆಗೆ ಸೇರಿದರು. ಅಲ್ಲಿ ಹೋದ ಮೇಲೆ ತಿಳೀತು, ಅವರ ಕಣ್ಣಿಗೆ ಕೆಲವು ಬಣ್ಣ ಸರಿಯಾಗಿ ಕಾಣಲ್ಲ ಅಂತ. ಬಣ್ಣ ಬಿಟ್ಟು ಯಂತ್ರದ ನಕ್ಷೆ ಬರೆಯೋದಕ್ಕೆ ತಿರುಗಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. 1946ರಲ್ಲಿ ಪುಣೆಯಲ್ಲಿ ಆ ಮನೆತನದ ಆಯಿಲ್ ಇಂಜಿನ್ ಕಂಪನಿ ಶುರುವಾಯ್ತು. ನಮ್ಮ ಸುತ್ತಿನ ಎಷ್ಟೋ ಬಾವಿ ಮೇಲೆ ಓಡಿದ್ದು ಅವರ ಇಂಜಿನ್ನುಗಳೇ. ಕಣ್ಣಿಗೆ ಬಣ್ಣ ಕಾಣದಿದ್ದರೆ ಯಂತ್ರಕ್ಕೇನೂ ನಷ್ಟ ಇಲ್ಲ ಅಂತ ಮಗನಿಗೆ ಹೇಳಿದೆ. ಆದರೆ ಅಂಗಡಿಗೆ ಹೋದಾಗ ಕಣ್ಣು ನಂಬಬೇಡಿ, ನಂಬರು ಹೇಳಿ. ಐ.ಎಸ್. 5 ಅನ್ನೋ ನಮ್ಮ ಸರ್ಕಾರಿ ಬಣ್ಣದ ಪಟ್ಟೀಲಿ ಮಧ್ಯಮ ಬ್ರನ್ಸ್‌ವಿಕ್ ಹಸಿರು 226, ಕಡು ಹಸಿರು 227.

ಈಗ ಸೀಸದ ಮಾತು. ಆ ಕಾಲದ ಹಸಿರು, ಹಳದೀಲಿ ಸೀಸ. ತುಕ್ಕು ತಡೆಯೋಕೆ ಮೊದಲು ಬಳೀತಿದ್ದ ರೆಡ್ ಲೆಡ್, ಅಂದ್ರೆ ಹಿಂದಿನವರು ಸಿಂಧೂರ ಅಂತಿದ್ದದ್ದು, ಅದರಲ್ಲಂತೂ ಪೂರ್ತಿ ಸೀಸವೇ. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಸೀಸದ ಮಿತಿ ಹಾಕಿ, ಹತ್ತು ಲಕ್ಷ ಭಾಗಕ್ಕೆ 90 ಭಾಗ ಅಂತ ಜಾರಿಗೆ ತಂದದ್ದು 2017ರ ನವೆಂಬರಲ್ಲಿ. ಹಳೇ ಇಂಜಿನ್ನಿಗೆ ಬಳಿದಿದ್ದೆಲ್ಲ ಅದಕ್ಕಿಂತ ಮುಂಚಿನದು.

ಇದು ಗೊತ್ತಿಲ್ಲದೆ ಮೊದಲು ತಪ್ಪು ಮಾಡಿದೆ. ಡೀಸೆಲ್ ಟ್ಯಾಂಕನ್ನ ಒಂದು ವರ್ಕ್‌ಶಾಪಿನ ಹುಡುಗನ ಕೈಗೆ ಕೊಟ್ಟೆ. ನಮ್ಮ ಹಿತ್ತಲಲ್ಲೇ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಅರ್ಧ ಗಂಟೇಲಿ ಬೆಳ್ಳಗೆ ಮಾಡಿದ. ಎಲ್ಲಾ ಪದರಾನೂ ಹೋಯ್ತು. ಹಸಿರು ಧೂಳು ಹುಲ್ಲಿನ ಮೇಲೆಲ್ಲ ಕೂತಿತ್ತು, ಪಕ್ಕದಲ್ಲೇ ಕರು ಕಟ್ಟಿತ್ತು. ಆಮೇಲೆ ನಮ್ಮ ಪಶುವೈದ್ಯರು ಹೇಳಿದರು, ಹಳೇ ಬಣ್ಣದ ಚಕ್ಕೆ, ಹಳೇ ಬ್ಯಾಟರಿ ನೆಕ್ಕಿ ದನ ಸಾಯೋದುಂಟು, ಕರುಗಳಿಗೇ ಹೆಚ್ಚು ಅಂತ. ಆ ಹುಲ್ಲೆಲ್ಲ ಎತ್ತಿ, ದನ ಹೋಗದ ಕಡೆ ಹಳ್ಳ ತೋಡಿ ಹೂತೆ. ಕರುಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಅವತ್ತಿಂದ ಗ್ರೈಂಡರ್ ಬಂದ್. ವಾಟರ್ ಪೇಪರ್, ನೀರು, ಮೂಗಿಗೆ ಮಾಸ್ಕು.

ಹಾಗೆ ನೀರು ಹಾಕಿ ಕ್ರ್ಯಾಂಕ್‌ಕೇಸ್ ಬಾಗಿಲನ್ನ ಉಜ್ಜುತ್ತಿದ್ದಾಗ ನೀಲಿ ಕೆಳಗೆ ಬಿಳೀ ಅಕ್ಷರ ಕಾಣಿಸಿದ್ವು. ‘ಬ್ಯಾಂಕಿಗೆ ಅಡಮಾನ’ ಅಂತ, ಪಕ್ಕದಲ್ಲಿ ಸಾಲದ ನಂಬರು. ಸಾಲದಲ್ಲಿ ತಂದ ಸಾಮಾನಿನ ಮೇಲೆ ಆಗ ಹೀಗೆ ಬರೆಸ್ತಿದ್ದರು, ನಿಮಗೂ ನೆನಪಿರಬಹುದು. ನಮ್ಮಮ್ಮ ಬಂದು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಂತು ಪೂರ್ತಿ ಕಟ್ಟಿ ಬಂದ ದಿನ ಅಪ್ಪ ಪೇಟೆಯಿಂದ ಒಂದು ಸಣ್ಣ ನೀಲಿ ಡಬ್ಬ ತಂದು, ಊಟಕ್ಕೂ ಬರದೆ ಮೊದಲು ಅದನ್ನ ಬಳಿದ್ರಂತೆ. ‘ಅವರು ಮುಚ್ಚಿದ್ದನ್ನ ನೀನ್ಯಾಕಪ್ಪಾ ತೆಗೀತೀಯ’ ಅಂದರು.

ನನಗೆ ಅದನ್ನ ಹಾಗೇ ಕಾಣೋ ಹಾಗೆ ಬಿಡೋ ಆಸೆ. ಎರಡು ದಿನ ಆ ಬಾಗಿಲು ಮುಟ್ಟಲಿಲ್ಲ. ಆಮೇಲೆ ನಮ್ಮೂರಿನ ಹಳೇ ಪೇಂಟರ್ ಒಬ್ಬರು ಬಂದು ಉಗುರಲ್ಲಿ ಕೆರೆದು ನೋಡಿ ಹೇಳಿದರು, ‘ಹಳೇ ಬಣ್ಣ ಗಟ್ಟಿಯಾಗಿ ಕೂತಿದ್ರೆ ಅದಕ್ಕಿಂತ ಒಳ್ಳೆ ಪ್ರೈಮರ್ ಇಲ್ಲ. ಹೊಳಪು ಹೋಗೋಷ್ಟು ಉಜ್ಜಿ ಮೇಲೆ ಬಳೀರಿ.’ ಗಟ್ಟಿ ಬಣ್ಣ ಕೀಳದಿದ್ರೆ ಸೀಸಾನೂ ಒಳಗೇ ಇರುತ್ತೆ, ಅಕ್ಷರಾನೂ ಒಳಗೇ ಇರುತ್ತೆ, ಅಮ್ಮನ ಮಾತೂ ಉಳಿಯುತ್ತೆ. ಫೋಟೋ ತೆಗೆದಿಟ್ಟು ಹಾಗೇ ಮಾಡಿದೆ.

ಮಾಡಿದ ಕ್ರಮ ಇಷ್ಟು. ಬೀಡು ಎಣ್ಣೆ ಕುಡಿದಿರುತ್ತೆ, ಎಣ್ಣೆ ಮೇಲೆ ಬಣ್ಣ ನಿಲ್ಲಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ವಾಷಿಂಗ್ ಸೋಡದ ಬಿಸಿನೀರಲ್ಲಿ ಉಜ್ಜಿ, ಎರಡು ದಿನ ಬಿಸಿಲಲ್ಲಿ ಒಣಗಿಸಿದೆ. ಚಕ್ಕೆ ಏಳೋ ಕಡೆ, ತುಕ್ಕು ಇರೋ ಕಡೆ ಮಾತ್ರ ಲೋಹದ ತನಕ ಉಜ್ಜಿ ರೆಡಾಕ್ಸೈಡ್ ಹಚ್ಚಿದೆ. ಇದು ಸಿಂಧೂರ ಅಲ್ಲ, ಗೋಡೆ ಅಂಚಿಗೆ ಸಾರಿಸೋ ಕೆಮ್ಮಣ್ಣಿನ ಜಾತಿ, ಕಬ್ಬಿಣದ ಬಣ್ಣ. ಮೇಲೆ ಸಿಂಥೆಟಿಕ್ ಎನಾಮಲ್ ತೆಳ್ಳಗೆ ಎರಡು ಸಲ, ನಡುವೆ ಒಂದು ದಿನ ಬಿಟ್ಟು. ಹಿಂದೆ ಬಣ್ಣ ಕಲಸ್ತಿದ್ದ ಅಗಸೆ ಎಣ್ಣೆ ಹಾಗೇ ಈ ಎನಾಮಲ್ಲೂ ಗಾಳಿ ಹೀರಿ ಗಟ್ಟಿಯಾಗೋದು. ದಪ್ಪ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತೆ. ಟರ್ಪಂಟೈನ್ ಬಿಟ್ಟು ಬೇರೆ ಥಿನ್ನರ್ ಹಾಕಬೇಡಿ. ಕಾರಿಗೆ ಹೊಡೆಯೋ ಎನ್.ಸಿ. ಪೇಂಟು ಹಳೇ ಎನಾಮಲ್ ಮೇಲೆ ಹಾಕಿದರೆ ಕೆಳಗಿನದು ಸುಕ್ಕಾಗಿ ಏಳುತ್ತೆ. ಸಿಲಿಂಡರಿನ ಸುತ್ತ ನೀರು ಇರೋದರಿಂದ ಅಲ್ಲಿ ಸಾದಾ ಎನಾಮಲ್ ತಡೆಯುತ್ತೆ, ಸೈಲೆನ್ಸರಿಗೆ ಮಾತ್ರ ಶಾಖ ತಡೆಯೋ ಪೇಂಟೇ ಬೇಕು. ಬೆಲ್ಟ್ ಓಡೋ ಮುಖಕ್ಕೆ, ಗವರ್ನರ್ ಕೀಲುಗಳಿಗೆ, ಎಣ್ಣೆ ತೂತುಗಳಿಗೆ ಬಣ್ಣ ತಾಗಿಸಬೇಡಿ.

ಸಂಕ್ರಾಂತಿ ದಿನ ಚಾಲೂ ಮಾಡಿದ್ವಿ. ಅಮ್ಮ ಕುಂಕುಮ ಇಟ್ಟಿದ್ದು ಆ ಬಾಗಿಲಿಗೇ. ನಿಮ್ಮ ಶೆಡ್ಡಲ್ಲೂ ಇಂಥದ್ದೊಂದು ಇರಬಹುದು. ಗುಜರಿಗೆ ಹಾಕೋ ಮುಂಚೆ, ಗ್ರೈಂಡರ್ ಹಿಡಿಯೋ ಮುಂಚೆ, ಒಂದು ಮೂಲೇಲಿ ನೀರು ಹಾಕಿ ಮೆಲ್ಲಗೆ ಉಜ್ಜಿ ನೋಡಿ. ಕರು ಮಾತ್ರ ದೂರ ಕಟ್ಟಿ.