ಶರಣಗಮನವೂ ಅಶೋಕನ ಶಾಸನಗಳೂ

ಬೌದ್ಧಮತವನ್ನು ಅವಲಂಬಿಸಿದ ಗೃಹಸ್ಥನಿಗೆ ಉಪಾಸಕನೆಂದು ಹೆಸರು. ಅವನು ಮೊದಲು ಬುದ್ಧ, ಧರ್ಮ, ಸಂಘಗಳೆಂಬ ರತ್ನತ್ರಯಕ್ಕೆ ಶರಣುಹೋಗುವನು. ಅನಂತರ ಪ್ರಾಣಿವಧೆ, ಅದತ್ತಾದಾನ, ಕಾಮದಲ್ಲಿ ಮಿಥ್ಯಾಚಾರ, ಅಸತ್ಯ, ಮದ್ಯಪಾನ ಎಂಬೈದರಿಂದ ದೂರವಿರುವೆನೆಂದು ಪಂಚಶೀಲವನ್ನು ಸ್ವೀಕರಿಸುವನು. ಪಾಲಿಭಾಷೆಯ ಈ ವಾಕ್ಯಗಳಲ್ಲಿ ಕ್ರಿಯಾಪದಗಳೆಲ್ಲವೂ ಉತ್ತಮಪುರುಷ ಏಕವಚನದಲ್ಲಿವೆ. ವೈದಿಕ ನಿಷೇಧವಾಕ್ಯಗಳಲ್ಲಿ ಲಿಙಾದಿಗಳಿಂದ ತೋರುವ ಪ್ರೇರಣೆಯು ಇಲ್ಲಿಲ್ಲ. ಆದುದರಿಂದ ಇದು ಆಜ್ಞೆಯಲ್ಲ, ಸಂಕಲ್ಪ; ಒಬ್ಬನ ಸಂಕಲ್ಪವನ್ನು ಮತ್ತೊಬ್ಬನು ಮಾಡಲಾರನು.

ಹಾಗಾದರೆ ಚಕ್ರವರ್ತಿಯೇ ಉಪಾಸಕನಾದಾಗ ಪ್ರಜೆಗಳಿಗೆ ಏನನ್ನು ವಿಧಿಸಬಲ್ಲನು? ಅಶೋಕನು ರಾಜಾಜ್ಞೆಯಿಂದ ಬೌದ್ಧಮತವನ್ನು ಹರಡಿದನೆಂದು ಕೆಲವರೂ, ಅವನ ಶಾಸನಗಳ ಧರ್ಮವು ಸರ್ವಸಾಧಾರಣವಾದ ನೀತಿಯೆಂದು ಕೆಲವರೂ ಹೇಳುವರು. ಶಾಸನಗಳ ಪದರೂಪಗಳನ್ನು ನೋಡಿದರೆ ಈ ವಿವಾದವು ಬಹುಮಟ್ಟಿಗೆ ಪರಿಹಾರವಾಗುವುದು.

ರಾಜಸ್ಥಾನದ ಬೈರಾಟಿನಲ್ಲಿ ೧೮೪೦ರಲ್ಲಿ ದೊರೆತ ಶಿಲಾಲೇಖವು ಸಂಘವನ್ನು ಸಂಬೋಧಿಸುವುದು. ಅದರಲ್ಲಿ ಅರಸನು ಬುದ್ಧ, ಧರ್ಮ, ಸಂಘಗಳಲ್ಲಿ ತನಗಿರುವ ಗೌರವವನ್ನೂ ಶ್ರದ್ಧೆಯನ್ನೂ ತನ್ನದೆಂದೇ ನಿವೇದಿಸಿರುವನು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಪ್ರಕಟಿಸಿದರು. ಇದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದುದು. ಇದರ ಮೊದಲ ಭಾಗದಲ್ಲಿ ಅರಸನು ತಾನು ಎರಡೂವರೆ ವರ್ಷಗಳಿಗೂ ಹೆಚ್ಚುಕಾಲದಿಂದ ಉಪಾಸಕನೆಂದೂ, ಮೊದಲು ಹೆಚ್ಚಾಗಿ ಪ್ರಯತ್ನಿಸದೆ, ಸಂಘವನ್ನು ಸಮೀಪಿಸಿದ ಮೇಲೆ ತೀವ್ರವಾಗಿ ಪ್ರಯತ್ನಿಸಿದೆನೆಂದೂ ಹೇಳಿಕೊಂಡಿರುವನು. ಇಲ್ಲಿಯೂ ಉತ್ತಮಪುರುಷವೇ.

ಎರಡನೆಯ ಭಾಗದಲ್ಲಿ ಮಾತಿನ ರೀತಿಯು ಬದಲಾಗುವುದು. ತಾಯಿತಂದೆಗಳ ಮತ್ತು ಗುರುಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವೆಲ್ಲವೂ ತವ್ಯಪ್ರತ್ಯಯಾಂತ ಪದಗಳಿಂದ ವಿಹಿತವಾಗಿವೆ. ಪಂಚಶೀಲದಲ್ಲಿ ಪ್ರಾಣಿದಯೆ, ಸತ್ಯ ಎರಡಕ್ಕೆ ಮಾತ್ರ ಇಲ್ಲಿ ಸಾದೃಶ್ಯವುಂಟು. ಈ ಭಾಗದಲ್ಲಿ ಬುದ್ಧನ ಹೆಸರೂ ಇಲ್ಲ, ಶರಣಗಮನದ ಪ್ರಸ್ತಾಪವೂ ಇಲ್ಲ. ಇದು ಪುರಾತನವಾದ ಪದ್ಧತಿಯೆಂದೇ ಅರಸನ ಮಾತು.

ಎಂದರೆ ಶರಣವನ್ನು ಅರಸನು ತನ್ನ ಪಾಲಿಗೆ ಇಟ್ಟುಕೊಂಡನು. ಶೀಲದಲ್ಲಿ ಸರ್ವರಿಗೂ ಸಮ್ಮತವಾದ ಅಂಶವನ್ನು ಮಾತ್ರ ಪ್ರಜೆಗಳಿಗೆ ವಿಧಿಸಿದನು. ಆದರೆ ಸಂಕಲ್ಪವು ವಿಧಿಯಾದಾಗ ಅದರ ಸತ್ತ್ವವು ಉಳಿಯುವುದೇ? ಈ ಸಂದೇಹವು ಅವನಿಗೂ ಇದ್ದಂತೆ ತೋರುವುದು. ಅಭಿಷೇಕದ ೨೭ನೆಯ ವರ್ಷದಲ್ಲಿ ಬರೆಯಿಸಿದ ಏಳನೆಯ ಸ್ತಂಭಶಾಸನದಲ್ಲಿ, ಧರ್ಮವೃದ್ಧಿಗೆ ನಿಯಮ, ಮನನ ಎಂಬೆರಡು ಸಾಧನಗಳುಂಟೆಂದೂ, ಅವುಗಳಲ್ಲಿ ನಿಯಮವು ಅಲ್ಪ, ಮನನವೇ ಅಧಿಕವೆಂದೂ ಅವನು ನಿರ್ಣಯಿಸಿರುವನು. ಆಜ್ಞೆಮಾಡಬಲ್ಲವನೇ ಆಜ್ಞೆಯ ಮಿತಿಯನ್ನು ಕಲ್ಲಿನಲ್ಲಿ ಕೆತ್ತಿಸಿದುದು ಸಾಮಾನ್ಯವಾದ ಸಂಗತಿಯಲ್ಲ.