‘ಯಾವ ಪೈಪ್ ಬೇಕಾದರೂ ಹೊಂದುತ್ತೆ’: ಕೈ ವ್ಯಾಕ್ಯೂಮ್ ಕ್ಲೀನರ್‌ನ ಸೆಳೆತ ಎಲ್ಲಿ ಸೋರಿಹೋಗುತ್ತದೆ?

ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೈಯಲ್ಲಿ ಹಿಡಿಯುವ ಪುಟ್ಟ ವ್ಯಾಕ್ಯೂಮ್ ಕ್ಲೀನರ್ ಒಂದು ಭಾರದ ಚೆಂಡನ್ನು ಕಚ್ಚಿಕೊಂಡು ಮೇಲೆತ್ತುತ್ತದೆ. ಕೆಳಗೆ ‘18,000 ಪಾಸ್ಕಲ್ ಸೆಳೆತ, ಯಾವ ಪೈಪ್ ಬೇಕಾದರೂ ಹೊಂದುತ್ತೆ’ ಎಂಬ ಬರಹ. ಇನ್ನೊಂದು ವಿಡಿಯೋದಲ್ಲಿ ಪಿವಿಸಿ ಪೈಪ್, ನೀರಿನ ಬಾಟಲಿ, ಸಣ್ಣ ಮೋಟಾರ್ ಸೇರಿಸಿ ಮನೆಯಲ್ಲೇ ಮಷಿನ್ ತಯಾರು. ‘ಸಾವಿರಾರು ರೂಪಾಯಿ ಯಾಕೆ ಸುರಿಯುತ್ತೀರಿ? ಎಲ್ಲರಿಗೂ ಕಳಿಸಿ’ ಎಂಬ ಕರೆ ಬೇರೆ.

ಇದರಲ್ಲಿ ಎಷ್ಟು ನಿಜ? ಪೈಪ್ ಬದಲಿಸಬಹುದಾದ ಕೈ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಸರಿಯಾಗಿ ವಿನ್ಯಾಸ ಮಾಡಬೇಕೆಂದರೆ ಏನೇನು ಯೋಚಿಸಬೇಕು ಎಂದು ನೋಡುತ್ತ ಹೋದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಚುಟುಕಾಗಿ ಹೇಳುವುದಾದರೆ: ಬಾಕ್ಸ್ ಮೇಲಿನ ದೊಡ್ಡ ಸಂಖ್ಯೆ ಮಷಿನ್‌ನ ಬಾಯಿ ಪೂರ್ತಿ ಮುಚ್ಚಿದಾಗ ಸಿಗುವ ಸಂಖ್ಯೆ. ಆಗ ಒಂದು ಕಣ ಧೂಳೂ ಒಳಗೆ ಹೋಗುವುದಿಲ್ಲ. ಕಸದವರೆಗೆ ಎಷ್ಟು ಸೆಳೆತ ಮುಟ್ಟುತ್ತದೆ ಎನ್ನುವುದನ್ನು ಮೋಟಾರ್‌ನಷ್ಟೇ ಪೈಪ್ ಮತ್ತು ಅದರ ಜೋಡಣೆಯೂ ನಿರ್ಧರಿಸುತ್ತವೆ.

ಎಳನೀರಿನ ಸ್ಟ್ರಾದಿಂದ ಶುರುಮಾಡೋಣ

ವ್ಯಾಕ್ಯೂಮ್ ಕ್ಲೀನರ್ ಕಸವನ್ನು ‘ಎಳೆಯುತ್ತದೆ’ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಎಳೆತ ಎನ್ನುವುದೇ ಇಲ್ಲ. ಒಳಗಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆ, ಒಳಗೆ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ವಾತಾವರಣದ ಒತ್ತಡ ಗಾಳಿಯನ್ನೂ ಅದರ ಜೊತೆ ಕಸವನ್ನೂ ಒಳಕ್ಕೆ ನೂಕುತ್ತದೆ. ಸ್ಟ್ರಾದಲ್ಲಿ ಎಳನೀರು ಕುಡಿಯುವಾಗ ಆಗುವುದೂ ಇದೇ.

ಆ ಸ್ಟ್ರಾದಲ್ಲಿ ಸಣ್ಣದೊಂದು ತೂತಿದ್ದರೆ? ಎಷ್ಟು ಹೀರಿದರೂ ಬಾಯಿಗೆ ಬರುವುದು ಗಾಳಿಯೇ. ಸ್ಟ್ರಾ ತೀರಾ ಸಣ್ಣದಾಗಿದ್ದರೆ ಕೆನ್ನೆ ನೋಯುವಷ್ಟು ಹೀರಿದರೂ ಎಳನೀರು ಹನಿಹನಿಯಾಗಿ ಬರುತ್ತದೆ. ಪೈಪ್ ಬದಲಿಸುವ ವ್ಯಾಕ್ಯೂಮ್ ಕ್ಲೀನರ್‌ನ ಮುಖ್ಯ ಸಮಸ್ಯೆಗಳೂ ಇವೆರಡೇ: ಸೋರುವ ಸಂದು ಮತ್ತು ತಪ್ಪು ಅಳತೆಯ ಪೈಪ್.

ಪಾಸ್ಕಲ್ ಎಂಬ ಅರ್ಧ ಸತ್ಯ

ಪಾಸ್ಕಲ್ ಎಂದರೆ ಒತ್ತಡದ ಅಳತೆ. ಸಮುದ್ರ ಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ 1,01,325 ಪಾಸ್ಕಲ್. 18,000 ಎಂದರೆ ಅದರ ಆರನೇ ಒಂದಂಶಕ್ಕಿಂತ ತುಸು ಹೆಚ್ಚು.

ಕೆಲಸ ನಡೆಯಬೇಕಾದರೆ ಒತ್ತಡದ ವ್ಯತ್ಯಾಸದ ಜೊತೆ ಗಾಳಿಯ ಹರಿವೂ ಬೇಕು. ಇವೆರಡನ್ನೂ ಗುಣಿಸಿದರೆ ಸಿಗುವುದೇ ‘ಏರ್‌ವಾಟ್’. 5,000 ಪಾಸ್ಕಲ್ ವ್ಯತ್ಯಾಸದಲ್ಲಿ ಸೆಕೆಂಡಿಗೆ 8 ಲೀಟರ್ ಗಾಳಿ ಹರಿದರೆ 40 ಏರ್‌ವಾಟ್. ಬಾಯಿ ಮುಚ್ಚಿದಾಗ 18,000 ಪಾಸ್ಕಲ್ ಇದ್ದರೂ ಹರಿವು ಸೊನ್ನೆ. ಹಾಗಾಗಿ ಉತ್ತರವೂ ಸೊನ್ನೆ.

ಹಾಗಾದರೆ ಚೆಂಡು ಎತ್ತಿದ್ದು ಸುಳ್ಳೇ? ಸುಳ್ಳಲ್ಲ, ಆದರೆ ಅದು ಸ್ವಚ್ಛಗೊಳಿಸುವ ಶಕ್ತಿಯ ಪರೀಕ್ಷೆಯೂ ಅಲ್ಲ. 32 ಮಿಲಿಮೀಟರ್ ಅಗಲದ ಬಾಯಿಯಲ್ಲಿ 18,000 ಪಾಸ್ಕಲ್ ಸುಮಾರು ಒಂದೂವರೆ ಕಿಲೋ ಹಿಡಿದು ನಿಲ್ಲಬಲ್ಲದು. ಅದೇ ಮಷಿನ್‌ಗೆ 10 ಸೆಂಟಿಮೀಟರ್ ಅಗಲದ ರಬ್ಬರ್ ಬಟ್ಟಲು ಸಿಕ್ಕಿಸಿದರೆ ಲೆಕ್ಕದ ಪ್ರಕಾರ 14 ಕಿಲೋ! ಮೋಟಾರ್ ಬದಲಾಗಲಿಲ್ಲ, ಬಾಯಿ ಅಗಲವಾಯಿತು ಅಷ್ಟೇ.

ಇನ್ನೊಂದು ತಪ್ಪು ನಂಬಿಕೆ: ‘ಸದ್ದು ಜೋರಾದರೆ ಸೆಳೆತ ಜೋರು.’ ಪೈಪ್‌ನಲ್ಲಿ ಕಸ ಸಿಕ್ಕಿಕೊಂಡಾಗ ಸದ್ದು ಕೀರಲಾಗುವುದನ್ನು ನೀವು ಕೇಳಿರಬಹುದು. ಮೋಟಾರ್ ತಿಣುಕುತ್ತಿದೆ ಎಂದು ಅನ್ನಿಸುತ್ತದೆ. ಆಗುವುದು ತಿರುಗುಮುರುಗು. ತಳ್ಳಲು ಗಾಳಿಯೇ ಇಲ್ಲದ್ದರಿಂದ ಫ್ಯಾನ್ ಮೇಲಿನ ಹೊರೆ ಇಳಿದು ಅದು ಇನ್ನೂ ವೇಗವಾಗಿ ತಿರುಗುತ್ತದೆ. ಹರಿಯುವ ಗಾಳಿಯಿಂದಲೇ ತಂಪಾಗುವ ಮೋಟಾರ್ ಆಗಿದ್ದರೆ ಅದು ಬಿಸಿಯೇರುತ್ತದೆ. ಆ ಸದ್ದು ಕೇಳಿದ ತಕ್ಷಣ ಆಫ್ ಮಾಡಿ, ಪೈಪ್ ಬಿಚ್ಚಿ ನೋಡಿ.

ಪೈಪ್ ಎಷ್ಟು ದಪ್ಪ ಇರಬೇಕು?

ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ 32 ಮತ್ತು 35 ಮಿಲಿಮೀಟರ್ ಅಳತೆಯ ಪೈಪ್ ಸಾಮಾನ್ಯ. ಇದು ಸುಮ್ಮನೆ ಬಂದ ಅಳತೆಯಲ್ಲ. ಸೆಕೆಂಡಿಗೆ 8 ಲೀಟರ್ ಗಾಳಿ ಹರಿಯುತ್ತಿದೆ ಎಂದುಕೊಳ್ಳಿ.

- 32 ಮಿ.ಮೀ. ಪೈಪ್‌ನಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 10 ಮೀಟರ್.
- 16 ಮಿ.ಮೀ. ಪೈಪ್‌ನಲ್ಲಿ ಅಷ್ಟೇ ಗಾಳಿ ಹರಿಯಬೇಕೆಂದರೆ ವೇಗ 40 ಮೀಟರ್ ಆಗಬೇಕು. ಪೈಪ್‌ನ ಉಜ್ಜಾಟದಲ್ಲೇ ಕಳೆದುಹೋಗುವ ಒತ್ತಡ ಸುಮಾರು 32 ಪಟ್ಟು ಏರುತ್ತದೆ. ಸಣ್ಣ ಮೋಟಾರ್‌ಗೆ ಅದು ಆಗದ ಮಾತು, ಹರಿವೇ ಕುಸಿಯುತ್ತದೆ.
- 64 ಮಿ.ಮೀ. ಪೈಪ್‌ನಲ್ಲಿ ವೇಗ ಬರೀ ಎರಡೂವರೆ ಮೀಟರ್. ಹಗುರ ಧೂಳು ಮೇಲೇರುತ್ತದೆ, ಅಕ್ಕಿಕಾಳು ಅಲ್ಲೇ ಉಳಿಯುತ್ತದೆ.

ಕಣದಲ್ಲಿ ರಾಶಿ ತೂರಿದವರಿಗೆ ಇದು ಹೊಸದಲ್ಲ. ಮೆಲ್ಲಗಿನ ಗಾಳಿಗೆ ಜೊಳ್ಳು ಹಾರುತ್ತದೆ, ಕಾಳು ಕಾಲಬುಡದಲ್ಲೇ ಬೀಳುತ್ತದೆ. ಅಗಲ ಪೈಪ್‌ನೊಳಗೆ ನಡೆಯುವುದೂ ಅದೇ ತೂರಾಟ.

ಸೋಫಾ ಸಂದಿಗೆ ಬಳಸುವ ಚಪ್ಪಟೆ ಮೂತಿ ಕಿರಿದಾಗಿದ್ದರೂ ಕೆಲಸ ಮಾಡುತ್ತದಲ್ಲ? ಹೌದು, ಕಿರಿದಾಗಿರುವುದು ತುದಿಯಲ್ಲಿ ಕೆಲವೇ ಸೆಂಟಿಮೀಟರ್. ಅಲ್ಲಿ ಗಾಳಿ ರಭಸವಾಗಿ ನುಗ್ಗಿ ಕಸವನ್ನು ಕೀಳುತ್ತದೆ, ಆಮೇಲೆ ದಾರಿ ಅಗಲವಾಗುತ್ತದೆ. ತುದಿ ಕಿರಿದು, ದಾರಿ ಅಗಲ, ಇದೇ ಸೂತ್ರ. ಸುರುಳಿ ಸುರುಳಿಯ ಬಾಗುವ ಪೈಪ್ ಒಳಗೆ ಗಾಳಿಗೆ ಹೆಚ್ಚು ಅಡ್ಡಿ, ನುಣುಪು ಪೈಪ್‌ನಲ್ಲಿ ಕಡಿಮೆ. ಬಾಗಬೇಕಾದಷ್ಟು ಉದ್ದಕ್ಕೆ ಮಾತ್ರ ಸುರುಳಿ ಪೈಪ್ ಇಟ್ಟರೆ ಸಾಕು.

ಎಲ್ಲ ಗುಟ್ಟೂ ಸಂದಿನಲ್ಲಿದೆ

ಈಗ ಜೋಡಣೆಗೆ ಬರೋಣ. 32 ಮಿ.ಮೀ. ಪೈಪ್‌ನ ಸುತ್ತಳತೆ ಸುಮಾರು 100 ಮಿ.ಮೀ. ಜೋಡಣೆಯಲ್ಲಿ ಸುತ್ತಲೂ ಅರ್ಧ ಮಿ.ಮೀ. ಸಡಿಲ ಇದೆ ಎನ್ನಿ. ಅದು ಎಟಿಎಂ ಕಾರ್ಡ್‌ನ ದಪ್ಪಕ್ಕಿಂತಲೂ ಕಡಿಮೆ. ಆದರೂ ಸೋರುವ ಜಾಗ 50 ಚದರ ಮಿ.ಮೀ. 30 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಚಪ್ಪಟೆ ಮೂತಿಯ ಬಾಯಿ 180 ಚದರ ಮಿ.ಮೀ. ಕಸದ ಬಾಯಿಯ ಕಾಲುಭಾಗಕ್ಕಿಂತ ದೊಡ್ಡ ತೂತು ಸಂದಿನಲ್ಲೇ ಇದೆ ಎಂದಾಯಿತು! ಮೂರು ತುಂಡು ಪೈಪ್ ಜೋಡಿಸಿದರೆ ಇಂಥ ಮೂರು ಸಂದು.

ಈ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ನೀರಿನ ಪೈಪ್ ಸೋರಿದರೆ ನೆಲ ಒದ್ದೆಯಾಗುತ್ತದೆ. ಇಲ್ಲಿ ಹೊರಗಿನ ಗಾಳಿಯೇ ಒಳಗೆ ನುಸುಳುವುದರಿಂದ ಗುರುತು ಉಳಿಯುವುದಿಲ್ಲ. ಪತ್ತೆಹಚ್ಚಲು ಟಿಶ್ಯೂ ಪೇಪರ್‌ನ ತೆಳ್ಳಗಿನ ಎಳೆ ಸಾಕು. ಮಷಿನ್ ಆನ್ ಮಾಡಿ, ಎಳೆಯನ್ನು ಸಂದಿನ ಸುತ್ತ ಹಿಡಿಯಿರಿ. ಅದು ಒಳಕ್ಕೆ ಅಂಟಿಕೊಂಡ ಕಡೆ ಸೋರಿಕೆ ಇದೆ.

ಒಳ್ಳೆಯ ಜೋಡಣೆ ಹೇಗಿರಬೇಕು?

ಒಂದು, ಸ್ವಲ್ಪ ಇಳಿಜಾರು. ಪೈಪ್‌ನ ತುದಿ ಒಂದೆರಡು ಡಿಗ್ರಿಯಷ್ಟು ಮೊನಚಾಗಿದ್ದರೆ ಒಳಗೆ ತಳ್ಳಿದಷ್ಟೂ ಬಿಗಿಯಾಗುತ್ತದೆ. ಸವೆದರೂ ಇನ್ನಷ್ಟು ಒಳಗೆ ಕೂರುತ್ತದೆ.

ಎರಡು, ಸರಿಯಾದ ಬೀಗ. ಪಿನ್ ಬಲ್ಬನ್ನು ಹೋಲ್ಡರ್‌ಗೆ ಒತ್ತಿ ತಿರುಗಿಸುತ್ತೇವಲ್ಲ, ಅಂಥ ಬೀಗ ಗಟ್ಟಿ. ಗುಂಡಿ ಒತ್ತಿ ಬಿಚ್ಚುವ ಬೀಗ ಸುಲಭ. ಇವೆರಡರಲ್ಲೂ ಪೈಪ್ ಒಂದೇ ಆಳಕ್ಕೆ ನಿಲ್ಲುವುದರಿಂದ ಸಂದು ಮುಚ್ಚಲು ರಬ್ಬರ್ ರಿಂಗ್ ಬೇಕೇ ಬೇಕು. ಕುಕ್ಕರ್‌ಗೆ ಗ್ಯಾಸ್ಕೆಟ್ ಇದ್ದ ಹಾಗೆ.

ಮೂರು, ಒಳಗೆ ಮೆಟ್ಟಿಲು ಇರಬಾರದು. ಮಂಗಳೂರು ಹೆಂಚು ಹೊದಿಸುವಾಗ ಮೇಲಿನ ಹೆಂಚು ಕೆಳಗಿನದರ ಮೇಲೆ ಬರುತ್ತದೆ, ನೀರು ಎಲ್ಲೂ ಅಡ್ಡಿಯಿಲ್ಲದೆ ಇಳಿಯುತ್ತದೆ. ಪೈಪ್‌ನಲ್ಲೂ ಕಸ ಬರುವ ಕಡೆಯ ತುಂಡು ಮುಂದಿನ ತುಂಡಿನ ಒಳಗೆ ಕೂತರೆ ಕಸ ಸರಾಗವಾಗಿ ಸಾಗುತ್ತದೆ. ತಿರುವುಮುರುವಾದರೆ ಅಂಚಿಗೆ ಕೂದಲು ಸಿಕ್ಕಿ ಉಂಡೆ ಕಟ್ಟುತ್ತದೆ. ಹಾಗೆ ಇಡಲೇಬೇಕಾದ ಕಡೆ ಒಳಅಂಚನ್ನು ಓರೆಯಾಗಿ ತೆಳುಮಾಡಬೇಕು. ನಿಮ್ಮ ಮಷಿನ್‌ನಲ್ಲಿ ಕೂದಲು ಯಾವಾಗಲೂ ಒಂದೇ ಕಡೆ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿನ ಅಂಚನ್ನು ಮುಟ್ಟಿ ನೋಡಿ.

ನಾಲ್ಕು, ಊದುವಾಗಲೂ ಕಳಚಬಾರದು. ಹೀರುವಾಗ ಹೊರಗಿನ ಒತ್ತಡವೇ ಪೈಪನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಅದೇ ಪೈಪನ್ನು ಗಾಳಿ ಹೊರಬರುವ ಕಡೆ ಸಿಕ್ಕಿಸಿ ಊದಿದರೆ ಒತ್ತಡ ಅದನ್ನು ಹೊರಕ್ಕೆ ನೂಕುತ್ತದೆ. ‘ಟೂ ಇನ್ ಒನ್’ ಮಷಿನ್‌ಗಳಲ್ಲಿ ಬರೀ ಬಿಗಿತ ನಂಬಿದರೆ ಸಾಲದು, ಬೀಗ ಇರಬೇಕು.

ಐದು, ತೂಕದ ಲೆಕ್ಕ. ಮೋಟಾರ್ ಕೈ ಹತ್ತಿರ, ಉದ್ದ ಪೈಪ್ ಮುಂದೆ. ಪೈಪ್ ತುದಿಯ ಬ್ರಷ್ ಸ್ವಲ್ಪ ಭಾರವಾದರೂ ಮಣಿಕಟ್ಟು ಬೇಗ ಸೋಲುತ್ತದೆ. ತುದಿಯ ಭಾಗಗಳು ಹಗುರವಾಗಿರಬೇಕು.

ಹಾಗಾದರೆ ‘ಯಾವ ಪೈಪ್ ಬೇಕಾದರೂ ಹೊಂದುತ್ತೆ’ ಎನ್ನುವುದು? ಅಳತೆ ಒಂದೇ ಆಗಿದ್ದರೆ, ಅಥವಾ ಆ ಅಳತೆಗೇ ಮಾಡಿದ ರಬ್ಬರ್ ಅಡಾಪ್ಟರ್ ಇದ್ದರೆ ಮಾತ್ರ. 32ರ ತುದಿಯನ್ನು 35ರೊಳಗೆ ಟೇಪ್ ಸುತ್ತಿ ಕೂರಿಸಿದರೆ ಪೈಪ್ ನಿಲ್ಲಬಹುದು, ಟೇಪ್ ಸುಕ್ಕಾದ ಕಡೆಯೆಲ್ಲ ಸೆಳೆತ ಸೋರುತ್ತದೆ.

ನಾಸಾ ಕಂಡುಹಿಡಿದದ್ದೇ?

ಮೊದಲ ದೊಡ್ಡ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಮನೆಯೊಳಗೆ ಬರುತ್ತಿದ್ದದ್ದು ಪೈಪ್ ಮಾತ್ರ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಪೇಟೆಂಟ್ ಪಡೆದ ಯಂತ್ರ ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲುತ್ತಿತ್ತು, ಕಿಟಕಿಯಿಂದ ಉದ್ದನೆಯ ಪೈಪ್ ಒಳಗೆ ಹೋಗುತ್ತಿತ್ತು. ಅಮೆರಿಕದ ಓಹಾಯೋದಲ್ಲಿ ಕಟ್ಟಡ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಅಸ್ತಮಾ ಇತ್ತು. ಧೂಳಿನ ಕಾಟ ತಾಳಲಾರದೆ 1907ರಲ್ಲಿ ಆತ ಫ್ಯಾನ್ ಮೋಟಾರ್, ಪೊರಕೆ ಹಿಡಿ, ದಿಂಬಿನ ಕವರ್ ಸೇರಿಸಿ ಒಬ್ಬರೇ ಹೊತ್ತೊಯ್ಯಬಹುದಾದ ಮಷಿನ್ ಮಾಡಿದ. ಆ ಪೇಟೆಂಟ್ ಕೊಂಡವರೇ ಹೂವರ್.

‘ಕೈ ವ್ಯಾಕ್ಯೂಮ್ ಕ್ಲೀನರ್ ನಾಸಾದ ಕೊಡುಗೆ’ ಎಂಬ ಫಾರ್ವರ್ಡ್ ಅರ್ಧ ಮಾತ್ರ ನಿಜ. ಅಪೊಲೊ ಯಾನಿಗಳು ಚಂದ್ರನಲ್ಲಿ ಬಳಸಿದ ಬ್ಯಾಟರಿ ಡ್ರಿಲ್ ತಯಾರಿಯಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಪಾಲ್ಗೊಂಡಿತ್ತು. ಅದೇ ಕಂಪನಿ 1979ರಲ್ಲಿ ‘ಡಸ್ಟ್‌ಬಸ್ಟರ್’ ತಂದಿತು. ಆದರೆ ವೈರ್ ಇಲ್ಲದ ಡ್ರಿಲ್ ಅನ್ನು ಅದು 1961ರಲ್ಲೇ ಮಾರುಕಟ್ಟೆಗೆ ಬಿಟ್ಟಿತ್ತು. ವ್ಯಾಕ್ಯೂಮ್ ಕ್ಲೀನರನ್ನು ನಾಸಾ ಕಂಡುಹಿಡಿಯಲಿಲ್ಲ.

ಮನೆಯಲ್ಲೇ ಮಾಡಬಹುದೇ?

ಸ್ಪ್ಯಾಂಗ್ಲರ್ ಮಾಡಿದ್ದೂ ಇಂಥ ಮಾಮೂಲಿ ವಸ್ತುಗಳಿಂದಲೇ, ಆದ್ದರಿಂದ ನಾವು ನಗುವುದಿಲ್ಲ. ಶಾಲೆಯ ವಿಜ್ಞಾನ ಮೇಳಕ್ಕೆ ಬ್ಯಾಟರಿಯಲ್ಲಿ ಓಡುವ ಬಾಟಲಿ ಮಷಿನ್ ಸೊಗಸಾದ ಪ್ರಯೋಗ, ಕಾಗದದ ಚೂರು ಎತ್ತುತ್ತದೆ. ಆದರೆ ಎರಡು ಎಚ್ಚರಿಕೆ. 230 ವೋಲ್ಟ್‌ನ ಮೋಟಾರ್‌ಗೆ ಬರಿ ವೈರ್ ಸುತ್ತಿ ಕೈಯಲ್ಲಿ ಹಿಡಿಯುವ ಮಷಿನ್ ಮಾಡಬೇಡಿ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ಎರಡನೆಯದು ಫಿಲ್ಟರ್. ಹಳೆ ಬಟ್ಟೆಯ ಫಿಲ್ಟರ್ ದಪ್ಪ ಕಸ ಹಿಡಿದು, ಸಣ್ಣ ಧೂಳನ್ನು ಕೋಣೆಯ ಗಾಳಿಗೇ ಊದುತ್ತದೆ. ಅಸ್ತಮಾ, ಧೂಳಿನ ಅಲರ್ಜಿ ಇರುವವರಿಗೆ ಗುಡಿಸುವುದಕ್ಕಿಂತ ಅದೇ ಹೆಚ್ಚು ತೊಂದರೆ ಕೊಡಬಹುದು. ‘ಹೆಪಾ’ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97% ಹಿಡಿಯಬೇಕೆಂಬುದು ಮಾನದಂಡ. ಅದರ ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಧೂಳು ಪಕ್ಕದಿಂದ ನುಸುಳುತ್ತದೆ. ಅಲ್ಲೂ ಅದೇ ಕಥೆ, ಸಂದು!

ಇವನ್ನು ಎಂದೂ ಹೀರಿಸಬೇಡಿ

- ಊದುಬತ್ತಿ, ಸೊಳ್ಳೆ ಬತ್ತಿಯ ಬಿಸಿ ಬೂದಿ, ಒಲೆಯ ಕೆಂಡ. ಡಬ್ಬಿಯೊಳಗಿನ ಧೂಳಿಗೆ ಬೆಂಕಿ ಹತ್ತಬಹುದು.
- ಪೆಟ್ರೋಲ್, ತಿನ್ನರ್, ಸ್ಯಾನಿಟೈಸರ್ ಚೆಲ್ಲಿದ ಜಾಗ.
- ಒಡೆದ ಸಿಎಫ್‌ಎಲ್ ಬಲ್ಬ್. ಅದರ ಪಾದರಸವನ್ನು ಮಷಿನ್ ಕೋಣೆಯೆಲ್ಲ ಹರಡುತ್ತದೆ. ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಎತ್ತಿ, ಚೂರುಗಳನ್ನು ಟೇಪ್‌ನಿಂದ ತೆಗೆಯಿರಿ.
- ನೀರು. ‘ವೆಟ್ ಅಂಡ್ ಡ್ರೈ’ ಎಂದು ಬರೆದಿರದ ಮಷಿನ್‌ನಲ್ಲಿ ಬೇಡವೇ ಬೇಡ.

ಮಕ್ಕಳ ಕಿವಿ, ಕಣ್ಣಿನ ಬಳಿ ಆಟಕ್ಕೂ ಮೂತಿ ಹಿಡಿಯಬೇಡಿ.

ಕೊಳ್ಳುವ ಮುನ್ನ

ಬಾಕ್ಸ್‌ನ ಸಂಖ್ಯೆಗಳನ್ನು ಒಂದಕ್ಕೊಂದು ತಾಳೆ ನೋಡಿ. 7.4 ವೋಲ್ಟ್, 2,000 ಎಂಎಎಚ್ ಬ್ಯಾಟರಿಯಲ್ಲಿ ಇರುವುದು 14.8 ವಾಟ್-ಅವರ್. 120 ವಾಟ್ ಮೋಟಾರ್ ಅದನ್ನು 7 ನಿಮಿಷ ಚಿಲ್ಲರೆಯಲ್ಲಿ ಮುಗಿಸುತ್ತದೆ. ಅದೇ ಬಾಕ್ಸ್ ಮೇಲೆ ‘30 ನಿಮಿಷ’ ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳು. ವಾಟ್ ಹೆಚ್ಚಿದ್ದ ಮಾತ್ರಕ್ಕೆ ಚೆನ್ನಾಗಿ ಗುಡಿಸುತ್ತದೆ ಎಂದೂ ಅಲ್ಲ. ಯುರೋಪಿಯನ್ ಒಕ್ಕೂಟ ಮನೆಬಳಕೆಯ ಮಷಿನ್‌ಗಳಿಗೆ 2014ರಲ್ಲಿ 1,600 ವಾಟ್, 2017ರಲ್ಲಿ 900 ವಾಟ್ ಮಿತಿ ಹಾಕಿತು. ಕಂಪನಿಗಳು ಅಷ್ಟರೊಳಗೇ ಕೆಲಸ ಮಾಡುವಂತೆ ವಿನ್ಯಾಸ ತಿದ್ದಿದವು.

ಅಂಗಡಿಯಲ್ಲಾದರೆ ಪೈಪ್‌ಗಳನ್ನೆಲ್ಲ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿಸಿ. ಸಂದು ಅಲುಗಾಡುತ್ತದೆಯೇ? ರಬ್ಬರ್ ರಿಂಗ್ ಇದೆಯೇ, ಬೇರೆಯಾಗಿ ಸಿಗುತ್ತದೆಯೇ? ಪೈಪ್‌ನ ಅಳತೆ ಎಷ್ಟು? ಫಿಲ್ಟರ್ ಮತ್ತೆ ಸಿಗುತ್ತದೆಯೇ? ಆಮೇಲೆ ಉದ್ದ ಪೈಪ್ ಹಾಕಿಸಿ ನೆಲದ ಮೇಲಿನ ಒಂದು ಹಿಡಿ ಅಕ್ಕಿ ಎತ್ತಿಸಿ. ಚೆಂಡು ಎತ್ತಿ ತೋರಿಸಿದರೆ ನಕ್ಕು ಸುಮ್ಮನಾಗಿ.

ಮನೆಯಲ್ಲಿ ಈಗಾಗಲೇ ಇರುವ ಮಷಿನ್ ‘ಮೊದಲಿನಂತೆ ಎಳೆಯುತ್ತಿಲ್ಲ’ ಎನಿಸಿದರೆ ಹೊಸದಕ್ಕೆ ದುಡ್ಡು ಕೊಡುವ ಮೊದಲು ಫಿಲ್ಟರ್ ತೊಳೆಯಬಹುದಾದದ್ದಾದರೆ ತೊಳೆದು ಪೂರ್ತಿ ಒಣಗಿಸಿ, ಸಂದುಗಳಿಗೆ ಟಿಶ್ಯೂ ಎಳೆ ಹಿಡಿದು ನೋಡಿ. ಎಷ್ಟೋ ಸಲ ಸೋತಿರುವುದು ಮೋಟಾರ್ ಅಲ್ಲ, ಒಂದು ರಬ್ಬರ್ ರಿಂಗ್. ಚೆಂಡೆತ್ತುವ ವಿಡಿಯೋ ಮತ್ತೆ ಬಂದರೆ, ಕಳಿಸಿದವರಿಗೆ ಈ ಮಾತನ್ನೂ ತಿಳಿಸಿ.